ವಂಶಾವಳಿಯಲ್ಲಿ ಬಿಟ್ಟುಹೋದ ಹೆಸರು



ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಹೆಳವನ ಧ್ವನಿ ನೆನಪಿರಬಹುದು. ಸುಗ್ಗಿ ಮುಗಿದು ಕಣಜದಲ್ಲಿ ನಾಲ್ಕು ಕಾಳು ಸೇರಿದ ದಿನಗಳಲ್ಲಿ, ಇನ್ನೂ ನಸುಕು ಹರಿಯುವ ಮುನ್ನ, ಎತ್ತಿನ ಮೇಲೆ ಕುಳಿತು ಅವನು ಮನೆಯ ಮುಂದೆ ಬರುತ್ತಿದ್ದ. ಆ ಮನೆಯ ಮೂಲಪುರುಷನಿಂದ ಆರಂಭಿಸಿ, ಯಾವ ಊರಿನಿಂದ ಬಂದವರು, ಯಾವ ಬೆಡಗಿನವರು, ಮನೆದೇವರು ಯಾರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದನ್ನೆಲ್ಲ ರಾಗವಾಗಿ ಹೇಳುತ್ತಿದ್ದ. ಮನೆಯ ಯಜಮಾನ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಹೇಳಿದರೆ ಹೆಳವನ ಪುಸ್ತಕದಲ್ಲಿ ಅವು ಸೇರುತ್ತಿದ್ದವು. ಪ್ರತಿಯಾಗಿ ಜೋಳ, ಬಟ್ಟೆ, ಹಣ, ಅನುಕೂಲವಿದ್ದವರ ಮನೆಯಲ್ಲಿ ಒಂದು ಕರು ದೊರೆಯುತ್ತಿತ್ತು. ಇಂದು ಎತ್ತನ್ನು ಬಿಟ್ಟು ವಾಹನಗಳಲ್ಲಿ ಬರುವ ಹೆಳವರೂ ಇದ್ದಾರೆ. ಆದರೆ ಪುಸ್ತಕ ಮಾತ್ರ ಅದೇ.

ಈ ಹೆಳವನ ಕಾಯಕದ ಬಗ್ಗೆ ನನಗೆ ಅಪಾರ ಗೌರವವಿದೆ. ಅರಸರಿಗೆ ಶಾಸನಗಳಿದ್ದವು, ಆಸ್ಥಾನದ ಕವಿಗಳಿದ್ದರು. ಉಳುವವನಿಗೆ ಇದ್ದವನು ಹೆಳವನೊಬ್ಬನೇ. ಆದರೂ ಒಂದು ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಹೆಳವನು ಬರೆದುಕೊಳ್ಳುವುದು ಮನೆಯವರು ಹೇಳಿದ್ದನ್ನು. ಮನೆಯವರು ಹೇಳದೆ ಬಿಟ್ಟದ್ದು ಏನಾಗುತ್ತದೆ? ಗಂಡುಮಕ್ಕಳ ಸಾಲೇ ಪ್ರಧಾನವಾಗಿರುವ ಆ ಪುಸ್ತಕದಲ್ಲಿ, ಮನೆತನಕ್ಕೆ ಮುಜುಗರ ತರುವವರ ಹೆಸರು, ಮದುವೆಯಾಗದೆ ಉಳಿದವರ ಹೆಸರು, ಹಸಿವಿನಲ್ಲಿ ಕಳೆದುಹೋದವರ ಹೆಸರು ಎಲ್ಲಿ ಹೋಗುತ್ತದೆ? ಒಂದು ಕುಟುಂಬ ತನ್ನ ಚರಿತ್ರೆಯನ್ನು ತಾನೇ ಬರೆಯುವಾಗ ಅದು ಯಾರಿಗೆ ಋಣಿಯಾಗಿರಬೇಕು? ಮೃತರ ಗೌರವಕ್ಕೋ, ಸತ್ಯಕ್ಕೋ?

ಕ್ರೈಸ್ತರಾದ ನಮಗೆ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ತಂದೆತಾಯಿಗಳನ್ನು ಗೌರವಿಸು ಎಂಬುದು ನಾಲ್ಕನೆಯ ಆಜ್ಞೆ. ಸುಳ್ಳು ಸಾಕ್ಷಿ ಹೇಳಬೇಡ ಎಂಬುದು ಎಂಟನೆಯ ಆಜ್ಞೆ. ವಂಶಾವಳಿ ಬರೆಯಲು ಕುಳಿತವನ ಕೈಯಲ್ಲಿ ಈ ಎರಡು ಆಜ್ಞೆಗಳೂ ಒಮ್ಮೊಮ್ಮೆ ಎದುರುಬದುರಾಗಿ ನಿಲ್ಲುವಂತೆ ತೋರುತ್ತವೆ.

ಹಾವಿನ ಮಗ, ಹುಲಿಯ ಹಾಲು

ಇಂದಿನ ಯಲಬುರ್ಗಾ ಒಂದು ಕಾಲಕ್ಕೆ ಎರಂಬರಗೆ ಎಂಬ ರಾಜಧಾನಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಸಿಂದ ಮನೆತನದವರು ಇಲ್ಲಿಂದ ಕಿಸುಕಾಡು, ಕೆಲವಡಿ, ಬಾಗಡಗೆ, ನರೆಯಂಗಲ್ ನಾಡುಗಳನ್ನು ಆಳಿದರು. ಇಮ್ಮಡಿ ಆಚುಗಿ, ಅವನ ಮಗ ಪೆರ್ಮಾಡಿ, ಇಮ್ಮಡಿ ಚಾವುಂಡ ಇವರು ಆ ಮನೆತನದ ಪ್ರಸಿದ್ಧ ಪುರುಷರು. ಚಾವುಂಡನ ಕಾಲದ, 1163ರ ಸುಮಾರಿನ ಶಾಸನವೊಂದು ಪಟ್ಟದಕಲ್ಲಿನಲ್ಲಿದೆ.

ಈ ಸಿಂದರು ತಮ್ಮ ಹುಟ್ಟನ್ನು ಹೇಗೆ ಹೇಳಿಕೊಂಡರು ಗೊತ್ತೆ? ತಾವು ನಾಗವಂಶದವರು ಎಂದು. ಸಿಂದರ ಇನ್ನೊಂದು ಶಾಖೆಯ ಶಾಸನ ಬಾಗಲಕೋಟೆ ಜಿಲ್ಲೆಯ ಭೈರನಮಟ್ಟಿಯಲ್ಲಿದೆ. ಅದರ ಪ್ರಕಾರ ನಾಗರಾಜನಾದ ಧರಣೇಂದ್ರನು ಭೂಲೋಕವನ್ನು ನೋಡಲು ಬಂದಾಗ ಸಿಂಧೂ ನದಿಯ ಸೀಮೆಯ ಅಹಿಚ್ಛತ್ರದಲ್ಲಿ ಅವನಿಗೊಬ್ಬ ಮಗ ಹುಟ್ಟಿದ. ಅವನೇ ನೀಳಬಾಹುವಿನ ಸಿಂದ. ಹುಲಿಯೊಂದು ಅವನನ್ನು ಸಾಕಿತು. ಮುಂದೆ ಕದಂಬ ರಾಜಕುಮಾರಿಯನ್ನು ವಿವಾಹವಾಗಿ ಅವನು ವಂಶವನ್ನು ಬೆಳೆಸಿದ. ಸಿಂದರ ಬಾವುಟದಲ್ಲಿ ನಾಗ, ಲಾಂಛನದಲ್ಲಿ ಹುಲಿ ಬಂದದ್ದು ಹೀಗೆ.

ಈ ಕಥೆಯನ್ನು ಕೇಳಿ ನಾವು ನಗಬೇಕಾಗಿಲ್ಲ. ಇದರ ಹಿಂದಿನ ಅಗತ್ಯವನ್ನು ಅರಿಯಬೇಕು. ಸಣ್ಣ ಸಾಮಂತನೊಬ್ಬ ತನಗಿಂತ ಹಳೆಯ ಮನೆತನಗಳ ನಡುವೆ ತಲೆಯೆತ್ತಿ ನಿಲ್ಲಬೇಕಾದರೆ, ಭೂಮಿಯ ಮೇಲಿನ ಪೂರ್ವಜರು ಸಾಲದೆ ಹೋದಾಗ ಪಾತಾಳದಿಂದ ಒಬ್ಬನನ್ನು ಕರೆತರುತ್ತಿದ್ದ. ಸಾಮಂತರಷ್ಟೇ ಅಲ್ಲ, ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ನೆರಳಿನಲ್ಲಿ ಮೇಲೆದ್ದ ವಿಜಯನಗರದ ಅರಸರೂ ಹಾಗೆಯೇ ಮಾಡಿದರು. ಸಂಗಮ ವಂಶದವರು ತಾವು ಯದುವಿನ ಕುಲದವರೆಂದರು. ತುಳುವರು ತುರ್ವಸುವಿನ ಕುಲದವರೆಂದರು. ಇಬ್ಬರ ವಂಶವೂ ಕೊನೆಗೆ ಚಂದ್ರನಲ್ಲಿಗೆ ಹೋಗಿ ಮುಟ್ಟುತ್ತದೆ.

ಹುಟ್ಟಿನ ಕಥೆಗಿಂತ ಗಂಭೀರವಾದದ್ದು ಯುದ್ಧದ ಕಥೆ. ಗದಗ ಸೀಮೆಯ ನರೇಗಲ್ಲಿನ ಶಾಸನದಲ್ಲಿ ಸಿಂದರು ಹೊಯ್ಸಳನನ್ನು ಬೆನ್ನಟ್ಟಿ ಅವನ ದೋರಸಮುದ್ರಕ್ಕೇ ಮುತ್ತಿಗೆ ಹಾಕಿದವರು. ಹೊಯ್ಸಳರ ಶಾಸನಗಳನ್ನು ಓದಿದರೆ, ಅದೇ ವಿಷ್ಣುವರ್ಧನನು ಹಾನಗಲ್ಲು, ಬಂಕಾಪುರಗಳನ್ನು ಗೆದ್ದು ಕೃಷ್ಣೆಯವರೆಗೆ ನಡೆದುಬಂದವನು. ಎರಡೂ ಕಲ್ಲುಗಳಲ್ಲಿ ಸೋತವರೇ ಇಲ್ಲ! ಸೋಲನ್ನು ಕಲ್ಲಿನಲ್ಲಿ ಕೆತ್ತಿಸಲು ಯಾವ ಮನೆತನವೂ ಹಣ ಕೊಡುವುದಿಲ್ಲ.

ಜರ್ಮನಿಯ ಒಬ್ಬ ಪ್ರಭು

ಇದು ನಮ್ಮ ನಾಡಿನ ದೌರ್ಬಲ್ಯ ಮಾತ್ರವಲ್ಲ. ಹದಿನಾರನೆಯ ಶತಮಾನದ ಜರ್ಮನಿಯ ಕಡೆಗೆ ಒಮ್ಮೆ ನೋಡೋಣ. ಅಲ್ಲಿಯ ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ ತನ್ನ ಹಾಬ್ಸ್‌ಬರ್ಗ್ ವಂಶದ ಮೂಲವನ್ನು ಹುಡುಕಲು ವಿದ್ವಾಂಸರನ್ನೇ ನೇಮಿಸಿದ್ದನು. ಅವರಲ್ಲೊಬ್ಬನಾದ ಯಾಕೋಬ್ ಮೆನ್ನೆಲ್ 1518ರಲ್ಲಿ ಸಿದ್ಧಪಡಿಸಿದ ಚರಿತ್ರೆ ಆ ವಂಶವನ್ನು ಟ್ರಾಯ್ ನಗರದ ವೀರ ಹೆಕ್ಟರನವರೆಗೆ ಕೊಂಡೊಯ್ಯಿತು. ಅರಸನು ಟ್ರಾಯ್‌ಗೆ ಹೋದ ಮೇಲೆ ಪ್ರಭುಗಳು ಹಿಂದುಳಿಯುವರೆ? ಪ್ರತಿಯೊಂದು ಕೋಟೆಯಲ್ಲಿಯೂ ವಂಶವೃಕ್ಷಗಳು ಬೆಳೆದವು. ಗೆಯೋರ್ಗ್ ರ್‍ಯೂಕ್ಸ್‌ನರ್ ಎಂಬವನು 1530ರಲ್ಲಿ ಅಚ್ಚು ಹಾಕಿಸಿದ ಪಂದ್ಯಾಟಗಳ ಪುಸ್ತಕದಲ್ಲಿ, ಎಂದೂ ನಡೆಯದಿದ್ದ ಪ್ರಾಚೀನ ಪಂದ್ಯಾಟಗಳಲ್ಲಿ ಎಷ್ಟೋ ಮನೆತನಗಳ ಹಿರಿಯರು ಕುದುರೆಯೇರಿ ಹೋರಾಡಿದರು. ಆ ಪುಸ್ತಕವನ್ನು ಪ್ರಭುಗಳು ಸಂತೋಷದಿಂದ ನಂಬಿದರು.

ನಮ್ಮ ಧರ್ಮಸಭೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಜರ್ಮನಿಯ ಅನೇಕ ಪ್ರಧಾನಾಲಯಗಳ ಗುರುಮಂಡಳಿಗಳಲ್ಲಿ ಸ್ಥಾನ ಪಡೆಯಲು ಅಭ್ಯರ್ಥಿಯು ತನ್ನ ಕುಲೀನತೆಯನ್ನು ಸಾಬೀತುಪಡಿಸಬೇಕಾಗಿತ್ತು. ಕಾಲಕ್ರಮದಲ್ಲಿ ಇದು ಎಷ್ಟು ಬಿಗಿಯಾಯಿತೆಂದರೆ, ಮುತ್ತಜ್ಜ ಮುತ್ತಜ್ಜಿಯರ ಹಿಂದಿನ ತಲೆಮಾರಿನ ಹದಿನಾರು ಮಂದಿಯೂ ಪ್ರಭುಕುಲದವರೇ ಎಂದು ಲಾಂಛನಗಳನ್ನು ಚಿತ್ರಿಸಿದ ಪಟದೊಂದಿಗೆ ತೋರಿಸಬೇಕು, ಇತರ ಪ್ರಭುಗಳು ಅದಕ್ಕೆ ಪ್ರಮಾಣ ಮಾಡಬೇಕು. ಆ ಪಟಗಳಲ್ಲಿ ತಾಯಂದಿರ, ಅಜ್ಜಿಯರ ಹೆಸರುಗಳೂ ತಪ್ಪದೆ ಬಂದವು ಎಂಬುದು ನಿಜ. ಆದರೆ ಅದು ಅವರ ಮೇಲಿನ ಪ್ರೀತಿಯಿಂದಲ್ಲ, ಬೇರೆಯವರನ್ನು ಬಾಗಿಲಲ್ಲೇ ತಡೆಯುವುದಕ್ಕಾಗಿ. ಗಲಿಲೇಯದ ಬೆಸ್ತನಾದ ಪೇತ್ರನು ಅಲ್ಲಿಗೆ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು? ನಾಸರೇತಿನ ಬಡಗಿಯ ಮಗನಿಗೆ ಏನು ಉತ್ತರ ಸಿಗುತ್ತಿತ್ತು?

ಆದರೆ ಅದೇ ಜರ್ಮನಿಯಲ್ಲಿ ಇನ್ನೊಂದು ಬಗೆಯ ಪುಸ್ತಕವೂ ಹುಟ್ಟಿತು. ಡ್ಯಾನ್ಯೂಬ್ ನದಿಯ ಸೀಮೆಯ ಮೆಸ್‌ಕಿರ್ಖ್ ಎಂಬ ಊರಿನಲ್ಲಿದ್ದ ಪ್ರಭು ಫ್ರೋಬೆನ್ ಕ್ರಿಸ್ಟೋಫ್ ತನ್ನ ತ್ಸಿಮ್ಮೆರ್ನ್ ಮನೆತನದ ಚರಿತ್ರೆಯನ್ನು ಬರೆದನು. 1519ರಲ್ಲಿ ಹುಟ್ಟಿದ ಅವನು 1566ರಲ್ಲಿ, ಅಂದರೆ ನಮ್ಮಲ್ಲಿ ರಕ್ಕಸಗಿ ತಂಗಡಗಿ ಯುದ್ಧ ನಡೆದ ಮರುವರ್ಷ, ತೀರಿಕೊಂಡನು. ಅವನೂ ತನ್ನ ವಂಶವನ್ನು ರೋಮನರೊಡನೆ ಕಾದಾಡಿದ ಪುರಾತನ ಸಿಂಬ್ರಿ ಜನಾಂಗದಿಂದಲೇ ಆರಂಭಿಸುತ್ತಾನೆ. ಹೆಸರಿನ ಹೋಲಿಕೆಯೇ ಅದಕ್ಕೆ ಆಧಾರ. ಆದರೆ ತನ್ನ ಕಾಲಕ್ಕೆ ಸಮೀಪಿಸುತ್ತ ಬಂದಂತೆ ಅವನ ಲೇಖನಿ ಬದಲಾಗುತ್ತದೆ. ಅವನ ಮುತ್ತಾತನ ಕಾಲದ ವೈಭವವಲ್ಲ, 1488ರಲ್ಲಿ ಅಜ್ಜನು ಚಕ್ರವರ್ತಿಯ ಬಹಿಷ್ಕಾರಕ್ಕೆ ಗುರಿಯಾಗಿ ಆಸ್ತಿ ಕಳೆದುಕೊಂಡದ್ದು, ಅದನ್ನು ಮರಳಿ ಪಡೆಯಲು ಮಕ್ಕಳು ಪಟ್ಟ ಪಾಡು, ಮನೆಯೊಳಗಿನ ಮನಸ್ತಾಪ, ಹಿರಿಯರ ದುಂದುವೆಚ್ಚ, ಅವರ ವಿವಾಹಬಾಹಿರ ಸಂಬಂಧಗಳು, ಎಲ್ಲವೂ ಅಲ್ಲಿ ಬರುತ್ತವೆ. ಜೊತೆಗೆ ಅಕ್ಕಪಕ್ಕದ ಕೋಟೆಗಳ ಹರಟೆ, ಅಪವಾದ, ಅಶ್ಲೀಲವಾದ ಹಾಸ್ಯಕಥೆಗಳೂ ಬರುತ್ತವೆ. 1594ರಲ್ಲಿ ಅವನ ಒಬ್ಬನೇ ಮಗ ವಿಲ್ಹೆಲ್ಮನ ಮರಣದೊಂದಿಗೆ ಆ ವಂಶವೇ ನಿಂತುಹೋಯಿತು. ಯಾವ ವಂಶಕ್ಕಾಗಿ ಬರೆದನೋ ಆ ವಂಶವಿಲ್ಲ, ಪುಸ್ತಕ ಉಳಿಯಿತು. 1869ರಲ್ಲಿ ಅದು ಮೊದಲ ಬಾರಿಗೆ ಅಚ್ಚಾಯಿತು. ಇಂದು ವಿದ್ವಾಂಸರು ಅದನ್ನು ಓದುವುದು ಸಿಂಬ್ರಿ ಜನಾಂಗದ ಕಥೆಗಾಗಿ ಅಲ್ಲ. ಮನುಷ್ಯರು ನಿಜವಾಗಿ ಹೇಗೆ ಬದುಕಿದರು ಎಂಬುದಕ್ಕಾಗಿ.

ಕೊಪ್ಪಳದ ಬಂಡೆ ಹೇಳುವುದೇನು?

ಹಾಗಾದರೆ ಮನೆಯ ಕೊಳೆಯನ್ನೆಲ್ಲ ಬೀದಿಗೆ ಹಾಕುವುದೇ ಸತ್ಯವೆ? ಅಲ್ಲ. ಫ್ರೋಬೆನ್‌ನ ಪುಸ್ತಕದಲ್ಲಿ ಸತ್ಯವೂ ಇದೆ, ಚಾಡಿಯೂ ಇದೆ. ತನ್ನವರ ಸೋಲನ್ನು ಒಪ್ಪಿಕೊಂಡದ್ದು ಸತ್ಯ. ನೆರೆಯವನ ಮಾನವನ್ನು ನಗೆಗೆ ಈಡುಮಾಡಿದ್ದು ಚಾಡಿ. ಇವೆರಡರ ನಡುವಿನ ಗೆರೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠದ ಬೆಟ್ಟಕ್ಕೆ ಹೋದರೆ ಸಾಕು.

ಅಲ್ಲಿಯೂ ಸಮೀಪದ ಪಾಲ್ಕಿಗುಂಡಿನಲ್ಲಿಯೂ 1931ರಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಬೆಳಕಿಗೆ ಬಂದವು. ಪ್ರಾಕೃತ ಭಾಷೆಯ, ಬ್ರಾಹ್ಮೀ ಲಿಪಿಯ ಆ ಕೆಲವೇ ಸಾಲುಗಳಲ್ಲಿ ಅಶೋಕನು ತನ್ನ ತಾತ ಚಂದ್ರಗುಪ್ತನ ಹೆಸರನ್ನು ಹೇಳುವುದಿಲ್ಲ, ಸೂರ್ಯಚಂದ್ರರನ್ನು ಕರೆಯುವುದಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೀರಿತೆಂದೂ, ಮೊದಲಿನ ಒಂದು ವರ್ಷ ತಾನು ಹೆಚ್ಚಾಗಿ ಶ್ರಮಿಸಲಿಲ್ಲವೆಂದೂ, ಆಮೇಲೆ ಶ್ರಮಿಸಿದೆನೆಂದೂ ಹೇಳುತ್ತಾನೆ. ಶ್ರಮಿಸಿದರೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸ್ವರ್ಗ ಸಾಧ್ಯ ಎಂಬುದು ಅದರ ಸಾರ. ಭರತಖಂಡದ ಬಹುಭಾಗವನ್ನು ಆಳಿದವನು ನಮ್ಮ ಊರಿನ ಬಂಡೆಯ ಮೇಲೆ ಬರೆಸಿದ್ದು ತನ್ನ ಒಂದು ವರ್ಷದ ಸೋಮಾರಿತನವನ್ನು! ಅವನು ಪರರ ದೋಷವನ್ನು ಬರೆಸಲಿಲ್ಲ. ತನ್ನ ದೋಷವನ್ನು, ಅದೂ ಓದುವವರಿಗೆ ಧೈರ್ಯ ಬರಲೆಂದು ಬರೆಸಿದನು. ನೆರೆಯವನನ್ನು ನಗೆಗೀಡುಮಾಡಲು ಹೇಳಿದ್ದು ಚಾಡಿ. ತನ್ನ ತಪ್ಪನ್ನು ತಾನೇ ಒಪ್ಪಿ ಇನ್ನೊಬ್ಬನನ್ನು ಎತ್ತಲು ಹೇಳಿದ್ದು ಸಾಕ್ಷ್ಯ.

ಈಗ ಸಂತ ಮತ್ತಾಯರ ಶುಭಸಂದೇಶದ ಮೊದಲ ಅಧ್ಯಾಯವನ್ನು ತೆರೆಯಿರಿ. ಪ್ರತಿ ವರ್ಷ ಡಿಸೆಂಬರ್ 17ರಂದು ಬಲಿಪೂಜೆಯಲ್ಲಿ ಇದನ್ನು ಓದುವಾಗ ನಮ್ಮಲ್ಲಿ ಎಷ್ಟೋ ಮಂದಿಗೆ ಬೇಸರ ಬರುತ್ತದೆ. ಹೆಸರಿನ ಮೇಲೆ ಹೆಸರು. ಆದರೆ ಗಮನವಿಟ್ಟು ಕೇಳಿ. ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಲೆಕ್ಕಕ್ಕಾಗಿ ಮತ್ತಾಯರು ಯೋರಾಮನ ನಂತರದ ಮೂವರು ಅರಸರನ್ನೇ ಬಿಟ್ಟುಬಿಟ್ಟಿದ್ದಾರೆ. ಬಿಡಲು ಅವರಿಗೆ ಗೊತ್ತಿತ್ತು. ಹಾಗಿದ್ದೂ ಅವರು ಯಾರನ್ನು ಬಿಡಲಿಲ್ಲ? ಮಾವನಿಂದ ನ್ಯಾಯ ಸಿಗದೆ ವೇಷ ಮರೆಸಿ ನಿಂತ ತಾಮಾರಳನ್ನು ಬಿಡಲಿಲ್ಲ. ಯೆರಿಕೋವಿನ ವೇಶ್ಯೆ ರಾಹಾಬಳನ್ನು ಬಿಡಲಿಲ್ಲ. ಹೊಲದಲ್ಲಿ ಹಕ್ಕಲು ಆಯ್ದ ಪರದೇಶಿ ವಿಧವೆ ರೂತಳನ್ನು ಬಿಡಲಿಲ್ಲ. ನಾಲ್ಕನೆಯವಳನ್ನು ಹೇಳುವಾಗ ಅವಳ ಸ್ವಂತ ಹೆಸರನ್ನು ಹೇಳದೆ, ಊರೀಯನ ಹೆಂಡತಿ ಎನ್ನುತ್ತಾರೆ. ದಾವೀದನು ಕೊಲ್ಲಿಸಿದ ಆ ನಿಷ್ಠಾವಂತ ಸೈನಿಕನ ಹೆಸರು ಹೀಗೆ ಲೋಕರಕ್ಷಕನ ವಂಶಾವಳಿಯೊಳಗೇ ಸೇರಿ ನಿಂತಿತು. ಅರಸನ ಪಾಪವನ್ನು ಮತ್ತಾಯರು ವಿವರಿಸಲಿಲ್ಲ, ಮರೆಮಾಚಲೂ ಇಲ್ಲ. ಅನ್ಯಾಯಕ್ಕೆ ಒಳಗಾದವನ ಹೆಸರನ್ನು ಅವನಿಗೆ ಹಿಂತಿರುಗಿಸಿದರು.

ಎಲ್ಲವನ್ನೂ ಬರೆಯಬೇಕೆಂಬ ನಿಯಮವಿಲ್ಲ, ಅರಸರನ್ನೂ ಬಿಡಬಹುದು. ಆದರೆ ಯಾರು ನಮ್ಮಿಂದ ನೊಂದರೋ, ಯಾರನ್ನು ತುಳಿದು ನಾವು ಮೇಲೆ ಬಂದೆವೋ ಅವರ ಹೆಸರನ್ನು ಬಿಡುವ ಹಕ್ಕು ನಮಗಿಲ್ಲ. ಮತ್ತಾಯರ ವಂಶಾವಳಿಯಿಂದ ನಾನು ಕಲಿತದ್ದು ಇದನ್ನು.

ನಮ್ಮ ಮನೆಯ ಪುಸ್ತಕ

ಓದುಗರೇ, ಈ ಮಾತನ್ನು ನಿಮಗೆ ಉಪದೇಶವಾಗಿ ಹೇಳುವ ಯೋಗ್ಯತೆ ನನಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದವರೆಲ್ಲ ಸೇರಿ ಒಂದು ಸ್ಮರಣ ಪುಸ್ತಿಕೆಯನ್ನು ತರಲು ನಿಶ್ಚಯಿಸಿದೆವು. ನಮ್ಮಲ್ಲಿ ಮೊದಲು ವಿಶ್ವಾಸವನ್ನು ಸ್ವೀಕರಿಸಿದ ಮುತ್ತಜ್ಜನಿಂದ ಹಿಡಿದು ಇಂದಿನ ಮೊಮ್ಮಕ್ಕಳವರೆಗೆ ಎಲ್ಲರ ಹೆಸರೂ ಇರಬೇಕು ಎಂಬ ಆಸೆ. ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಮುತ್ತಜ್ಜನಿಗೆ ಐವರು ಮಕ್ಕಳೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಾಖಲೆಯನ್ನು ನೋಡಿದಾಗ ಅಲ್ಲಿ ಆರು ಹೆಸರುಗಳಿದ್ದವು. ಆರನೆಯದು ಒಬ್ಬ ಹೆಣ್ಣುಮಗಳದು, ಎಲ್ಲರಿಗಿಂತ ಹಿರಿಯವಳು.

ಮನೆಯ ಅತಿ ಹಿರಿಯ ಅಜ್ಜಿಯೊಬ್ಬರನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದರು: ಬರಗಾಲದ ವರ್ಷ, ಜೋಳದ ಸಾಲ ತೀರದೆ, ಮುತ್ತಜ್ಜನು ಆ ಮಗುವನ್ನು ಸಾಹುಕಾರನೊಬ್ಬನ ಮನೆಯಲ್ಲಿ ಜೀತಕ್ಕೆ ಬಿಟ್ಟನಂತೆ. ಬಿಡಿಸಿಕೊಂಡು ಬರುತ್ತೇನೆ ಎಂದಿದ್ದನಂತೆ. ಅವಳು ಮರಳಿ ಬರಲಿಲ್ಲ. ಉಳಿದ ಐವರು ಆ ಜೋಳವನ್ನು ಉಂಡು ಬದುಕಿದರು. ಆ ಐವರ ಸಂತಾನವೇ ನಾವೆಲ್ಲ.

ಈ ವಿಷಯವನ್ನು ಪುಸ್ತಿಕೆಯಲ್ಲಿ ಬರೆಯಬೇಕೆ ಎಂದು ಮನೆಯವರ ಮುಂದಿಟ್ಟಾಗ ಹಿರಿಯರು ಹೇಳಿದ್ದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸತ್ತವನು ತನ್ನ ಪರವಾಗಿ ಮಾತನಾಡಲಾರ. ಅವನ ಹಸಿವನ್ನು ಕಾಣದ ನಾವು ಅವನನ್ನು ಕಟಕಟೆಗೆ ಏಕೆ ಏರಿಸಬೇಕು? ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆ ಇದು, ನೆಂಟರು ಏನೆಂದಾರು? ಹೊಟ್ಟೆಗಿಲ್ಲದವನ ಕರ್ಮವನ್ನು ಹೊಟ್ಟೆ ತುಂಬಿದವರು ಬರೆಯುವುದು ತರವೆ? ಇವು ಕರುಣೆಯ ಮಾತುಗಳು. ನಾನು ಒಪ್ಪಿದೆ. ಪುಸ್ತಿಕೆಯಲ್ಲಿ ಐದು ಹೆಸರುಗಳು ಅಚ್ಚಾದವು. ಕೃತಜ್ಞತಾ ಬಲಿಪೂಜೆಯ ದಿನ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದೆವು. ಮುತ್ತಜ್ಜನು ಊರಿನಲ್ಲಿ ಗೌರವಾನ್ವಿತ ಮುಖಂಡನಾಗಿದ್ದನೆಂಬ ಒಂದು ವಾಕ್ಯವೂ ಅದರಲ್ಲಿತ್ತು. ಅದನ್ನು ಬರೆದವನು ನಾನೇ. ಎರಂಬರಗೆಯ ಸಿಂದರನ್ನು ನೋಡಿ ನಾನು ನಗಲಾರೆ.

ಆ ಕರುಣೆಯ ವಾದದಲ್ಲಿ ಏನು ತಪ್ಪಿತ್ತು ಎಂಬುದು ನನಗೆ ತಡವಾಗಿ ಹೊಳೆಯಿತು. ನಾವು ಮುತ್ತಜ್ಜನಿಗೆ ಕರುಣೆ ತೋರಿಸಿದೆವು, ನಮ್ಮ ಮರ್ಯಾದೆಗೂ ತೋರಿಸಿದೆವು. ಆ ಮಗುವಿಗೆ ತೋರಿಸಲಿಲ್ಲ. ಮೊದಲ ಸಲ ಅವಳನ್ನು ಬಿಟ್ಟದ್ದು ಬರಗಾಲದ ಹಸಿವಿನಿಂದ. ಎರಡನೆಯ ಸಲ ಬಿಟ್ಟದ್ದು ತುಂಬಿದ ಹೊಟ್ಟೆಯಿಂದ. ಮೊದಲನೆಯದಕ್ಕೆ ಕ್ಷಮೆಯಿರಬಹುದು. ಎರಡನೆಯದಕ್ಕೆ ನಾವೇ ಉತ್ತರ ಕೊಡಬೇಕು. ಮುತ್ತಜ್ಜನನ್ನು ನಿಜವಾಗಿ ಗೌರವಿಸುವ ದಾರಿಯೂ ಅದೇ ಆಗಿತ್ತೇನೋ. ಮಗಳನ್ನು ಬಿಡಿಸಿಕೊಂಡು ಬರುತ್ತೇನೆ ಎಂದ ಆ ಮನುಷ್ಯನ ಮಾತನ್ನು, ಅವಳ ಹೆಸರನ್ನು ಬರೆಯುವ ಮೂಲಕವಾದರೂ ನಾವು ನಡೆಸಿಕೊಡಬಹುದಾಗಿತ್ತು. ನಾಲ್ಕನೆಯ ಆಜ್ಞೆಯೂ ಎಂಟನೆಯ ಆಜ್ಞೆಯೂ ಎದುರುಬದುರಾಗಿ ನಿಂತಿರಲಿಲ್ಲ. ನಾನು ನಿಂತಿದ್ದ ಜಾಗ ಸರಿಯಿರಲಿಲ್ಲ.

ಅವಳ ಹೆಸರು ಉಳಿದಿದ್ದು ಎಲ್ಲಿ ಎಂಬುದನ್ನು ಯೋಚಿಸಿ. ಫ್ರೋಬೆನ್ ಪ್ರಭು ತನ್ನ ವಂಶದ ಚರಿತ್ರೆಯನ್ನು ಬರೆಯುತ್ತಿದ್ದ ಅದೇ ಕಾಲದಲ್ಲಿ, 1563ರಲ್ಲಿ, ಟ್ರೆಂಟ್ ಮಹಾಸಭೆ ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ವಿವಾಹ ಮತ್ತು ಜ್ಞಾನಸ್ನಾನಗಳ ಪುಸ್ತಕವನ್ನು ಇಡಬೇಕೆಂದು ವಿಧಿಸಿತು. ಆ ಪುಸ್ತಕದಲ್ಲಿ ಪ್ರಭುವಿನ ಮಗುವಿಗೂ ಕೂಲಿಯವನ ಮಗುವಿಗೂ ಒಂದೊಂದೇ ಸಾಲು. ಹದಿನಾರು ಪೂರ್ವಜರನ್ನು ಕೇಳುವ ಪಟ ಅಲ್ಲಿಲ್ಲ. ಕುಲೀನತೆಯನ್ನು ಕೇಳಿದ ಧರ್ಮಸಭೆಯ ಕೈಯೇ ಈ ಪುಸ್ತಕವನ್ನೂ ತೆರೆಯಿತೆಂಬುದು ನಮಗೊಂದು ಸಮಾಧಾನ. ಹೆಸರಾಂತ ಪೂರ್ವಜರನ್ನು ಕೊಂಡಾಡುವ ಸಿರಾಖನ ಗ್ರಂಥದ ಪ್ರಸಿದ್ಧ ಅಧ್ಯಾಯವೂ, ನೆನಪೇ ಉಳಿಯದೆ ಹೋದವರೂ ಇದ್ದಾರೆ ಎಂಬುದನ್ನು ಹೇಳಲು ಮರೆಯುವುದಿಲ್ಲ.

ನಿಮ್ಮ ಮನೆಯಲ್ಲಿಯೂ ಒಂದು ಹಳೆಯ ಪೆಟ್ಟಿಗೆ ಇರಬಹುದು, ಒಬ್ಬ ವೃದ್ಧೆ ಇರಬಹುದು. ಈ ವರ್ಷ ಆಗಮನ ಕಾಲದಲ್ಲಿ ಆ ದೀರ್ಘವಾದ ವಂಶಾವಳಿಯನ್ನು ಕೇಳಿ ಮನೆಗೆ ಬಂದ ಮೇಲೆ ಅವರ ಬಳಿ ಕುಳಿತು ಕೇಳಿ: ನಮ್ಮಲ್ಲಿ ಯಾರ ಹೆಸರನ್ನು ನಾವು ಹೇಳುವುದಿಲ್ಲ? ಕೇಳಿದ್ದನ್ನೆಲ್ಲ ಅಚ್ಚು ಹಾಕಿಸಬೇಕಾಗಿಲ್ಲ. ಬದುಕಿರುವವರ ಮನಸ್ಸನ್ನು ನೋಯಿಸುವಂಥದ್ದಿದ್ದರೆ ಪ್ರಾರ್ಥನೆಯಲ್ಲಿಟ್ಟು ಕಾಯಿರಿ. ಆದರೆ ಹೆಸರನ್ನು ಮಾತ್ರ ಕಳೆದುಕೊಳ್ಳಬೇಡಿ.

ನನ್ನ ಪ್ರತಿಯಲ್ಲಿ ಐದು ಹೆಸರುಗಳ ಮೇಲಿನ ಖಾಲಿ ಜಾಗದಲ್ಲಿ ಆರನೆಯ ಹೆಸರನ್ನು ಪೆನ್ನಿನಿಂದ ಬರೆದುಕೊಂಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ. ಮೊದಲು ನಮ್ಮ ಮನೆಯವರೆಲ್ಲ ಅವರವರ ಪ್ರತಿಯಲ್ಲಿ ಅದನ್ನು ಬರೆದುಕೊಳ್ಳಬೇಕು. ಇಬ್ಬರು ಈಗಾಗಲೇ ಬರೆದುಕೊಂಡಿದ್ದಾರೆ. ಮೃತರ ಸ್ಮರಣೆಯ ದಿನ ಬಲಿಪೂಜೆಗೆ ಕೊಡುವ ಹೆಸರುಗಳ ಚೀಟಿಯಲ್ಲಿ ಕಳೆದ ವರ್ಷ ಅವಳ ಹೆಸರು ಮೊದಲನೆಯದಾಗಿತ್ತು.